ಉಳಿದ ಮಾಲು ವಾಪಸ್

ಕಬ್ಬಿಣಕ್ಕೆ ವಾಸನೆ ಇಲ್ಲ ಎನ್ನುವವರು ಹಾರ್ಡ್‌ವೇರ್ ಅಂಗಡಿಯಲ್ಲಿ ಒಂದು ದಿನವೂ ಕೂತವರಲ್ಲ. ಮೊನ್ನೆ ಅಲಿಗಢದಿಂದ ಬಂದ ಚಿಲಕದ ಪೆಟ್ಟಿಗೆ ಒಡೆದು ಎಣ್ಣೆ ಸವರಿದ ಕಾಗದ ಬಿಚ್ಚುತ್ತಿದ್ದೆ. ಆ ವಾಸನೆ ಮೂಗಿಗೆ ಹೊಡೆಯಿತು. ಎದುರಿಗೆ ನಿಂತ ಗಿರಾಕಿ ಆರಿಂಚಿನದು ನಾಲ್ಕು ಕೊಡಿ ಎಂದು ಎರಡು ಸಲ ಹೇಳಿದನಂತೆ, ನನಗೆ ಕೇಳಿಸಲೇ ಇಲ್ಲ. ನಮ್ಮ ಮನೆಯವರು ನೇಪಾಳದಲ್ಲಿ ಅಂಗಡಿ ತೆಗೆಯಲು ಹೋದ ವರ್ಷಕ್ಕೆ ನನ್ನ ಮನಸ್ಸು ಹೋಗಿಬಿಟ್ಟಿತ್ತು. ಆ ವರ್ಷದ ಬಗ್ಗೆ ನಮ್ಮ ಮನೆಯಲ್ಲಿ ಈಗ ಯಾರೂ ಮಾತಾಡುವುದಿಲ್ಲ. ಹಾಗೆಂದು ಯಾರೂ ಮರೆತೂ ಇಲ್ಲ.

ನಮ್ಮ ಅಂಗಡಿ ಹುನಗುಂದದಲ್ಲಿ, ಇಳಕಲ್ಲಿಗೆ ಹೋಗುವ ರಸ್ತೆಯ ಮೇಲಿದೆ. ಮುಂದೆ ಅಂಗಡಿ, ಹಿಂದೆ ಮನೆ, ನಡುವೆ ಒಂದು ಬಾಗಿಲು. ಗಿರಾಕಿಗಳಿಗೆ ಅಡಿಗೆಮನೆ ಕಾಣಬಾರದೆಂದು ಮಾವನವರು ಆ ಬಾಗಿಲಿಗೆ ಅಂಗಡಿಯ ಕಡೆಯಿಂದ ಅಗಳಿ ಹಾಕಿಸಿದ್ದರು. ಮುಂಜಾನೆ ಹನ್ನೊಂದಕ್ಕೆ ನಾನು ಚಹಾ ತಂದು ಬಾಗಿಲು ಬಡಿಯುವುದು, ನಮ್ಮ ಮನೆಯವರು ಅಗಳಿ ತೆಗೆದು ಕಪ್ಪು ಇಸಿದುಕೊಂಡು ಮತ್ತೆ ಅಗಳಿ ಹಾಕಿಕೊಳ್ಳುವುದು. ಮದುವೆಯಾಗಿ ಬಾದಾಮಿಯಿಂದ ಬಂದಾಗಿನಿಂದ ಹತ್ತೊಂಬತ್ತು ವರ್ಷ ಇದೇ ನಡೆದಿತ್ತು. ಗಿರಾಕಿ ಹೆಚ್ಚಿದ್ದ ದಿನ ನಾನು ಬಡಿದದ್ದು ಅವರಿಗೆ ಕೇಳುತ್ತಿರಲಿಲ್ಲ. ಚಹಾ ಆರಿ ಕೆನೆ ಕಟ್ಟುವ ತನಕ ನಿಂತದ್ದೂ ಉಂಟು.

ಮಾವನವರ ಇನ್ನೊಂದು ರಿವಾಜು ಊರಿಗೆಲ್ಲ ಗೊತ್ತಿತ್ತು. ಮನೆ ಕಟ್ಟಿ ಮುಗಿದ ಮೇಲೆ ಉಳಿದ ಸಾಮಾನನ್ನು ನಮ್ಮ ಅಂಗಡಿ ವಾಪಸ್ ತೆಗೆದುಕೊಳ್ಳುತ್ತದೆ, ಯಾಕೆ ಏನು ಎಂದು ಕೇಳುವುದಿಲ್ಲ. ಇದು ಶುರುವಾದದ್ದು ಅಣೆಕಟ್ಟಿನ ಮುಳುಗಡೆ ಕಾಲದಲ್ಲಿ. ಊರು ನೀರಿಗೆ ಹೋಗುತ್ತದೆಂದು ಹಳೆಯ ಬಾಗಿಲು, ಕಂಬ, ತೊಲೆ ಕಿತ್ತುಕೊಂಡು ಬಂದ ಜನಕ್ಕೆ ಹೊಸ ಮನೆಗೆ ಎಷ್ಟು ಮೊಳೆ ಬೇಕು, ಕದ ಕೂರಿಸಲು ಎಷ್ಟು ಬಿಜಾಗರಿ ಬೇಕು ಎಂದು ಗೊತ್ತಿರಲಿಲ್ಲ. ಅಜ್ಜ ಕಟ್ಟಿದ ಮನೆಯಲ್ಲಿ ಹುಟ್ಟಿ ಬೆಳೆದವರಿಗೆ ಅದು ಹೇಗೆ ಗೊತ್ತಿರಬೇಕು? ಮಾವನವರು ಎಲ್ಲರಿಗೂ ಒಂದೇ ಮಾತು ಹೇಳುತ್ತಿದ್ದರಂತೆ: ಅಂಜಬೇಡಿ, ಒಯ್ಯಿರಿ, ಉಳಿದದ್ದು ತಂದು ಕೊಡಿ. ಮನೆ ಮುಗಿದ ಮೇಲೆ ಜನ ಸಿಮೆಂಟಿನ ಖಾಲಿ ಚೀಲದಲ್ಲಿ ಉಳಿದದ್ದನ್ನು ತುಂಬಿಕೊಂಡು ಬಂದು ಕಟ್ಟೆಯ ಮೇಲೆ ಸುರುವುತ್ತಿದ್ದರು. ಹಸನಸಾಬ ಕೂತು ಆರಿಸುತ್ತಿದ್ದ. ಹಸನಸಾಬ ಮಾವನವರ ಕಾಲದಿಂದ ಅಂಗಡಿಯಲ್ಲಿದ್ದ ಆಳು. ಆಳು ಎಂದರೆ ಈಗಲೂ ನನಗೆ ನಾಲಿಗೆ ತೊಡರುತ್ತದೆ, ಅಂಗಡಿ ಅರ್ಧ ಅವನದೇ ಆಗಿತ್ತು.

ಆಮೇಲೆ ಕಾಲ ತಿರುಗಿತು. ಜಿಎಸ್‌ಟಿ ಬಂತು, ಪ್ರತಿಯೊಂದು ಮೊಳೆಗೂ ಕಂಪ್ಯೂಟರಿನ ಬಿಲ್ಲು ಬಂತು. ದೊಡ್ಡ ಕಂಪನಿಗಳು ಇಳಕಲ್ಲಿನಲ್ಲೂ ಬಾಗಲಕೋಟೆಯ ನವನಗರದಲ್ಲೂ ಗಾಜಿನ ಶೋರೂಮು ತೆರೆದವು. ಎಸಿ ಹಾಕಿಕೊಂಡು ನಳ ತೋರಿಸುವ ಅಂಗಡಿಗೆ ಹೋದವರು ನಮ್ಮ ಕಡೆ ಯಾಕೆ ಬಂದಾರು? ಮಧ್ಯಾಹ್ನದ ಹೊತ್ತು ನಮ್ಮ ಮನೆಯವರು ಹಣದ ಗಲ್ಲೆಯ ಮೇಲೆ ಗದ್ದ ಊರಿ ರಸ್ತೆ ನೋಡುತ್ತ ಕೂಡತೊಡಗಿದರು. ಚಹಾದ ಬಡಿತ ಮೊದಲ ಸಲಕ್ಕೇ ಕೇಳತೊಡಗಿತು.

ಅದೇ ಹೊತ್ತಿಗೆ ದಿಲ್ ಬಹಾದ್ದೂರನ ಮಾತು ಅವರ ಕಿವಿಗೆ ಬಿದ್ದದ್ದು. ಅವನದು ಬಸ್ ನಿಲ್ದಾಣದ ಹತ್ತಿರ ಗೋಬಿ ಮಂಚೂರಿ ಗಾಡಿ. ನೇಪಾಳದ ಬುಟವಲ್ ಎಂಬ ಪೇಟೆಯ ಕಡೆಯವನು, ಹುನಗುಂದಕ್ಕೆ ಬಂದು ಹದಿನೇಳು ವರ್ಷವಾಗಿತ್ತು, ನನಗಿಂತ ಚೆಂದ ಈ ಕಡೆಯ ಕನ್ನಡ ಮಾತಾಡುತ್ತಿದ್ದ. ವರ್ಷಕ್ಕೊಮ್ಮೆ ಊರಿಗೆ ಹೋಗುವಾಗ ನಮ್ಮ ಅಂಗಡಿಯಿಂದ ಸರಪಳಿ ಚಿಲಕ ಒಯ್ಯುತ್ತಿದ್ದ. ನಮ್ಮೂರ ಕಂಬಾರರು ಬಡಿದು ಮಾಡಿದ ಮಾಲು: ನಾಲ್ಕು ಕೊಂಡಿ, ತುದಿಗೊಂದು ಬಳೆ, ಬಳೆಯನ್ನು ಗೂಟಕ್ಕೆ ಸಿಗಿಸಿದರೆ ಬಾಗಿಲು ಭದ್ರ. ಹೊಸ ಮನೆಗೆ ಅದನ್ನು ಯಾರೂ ಕೇಳುವುದಿಲ್ಲ. ಹೊಲದ ಮನೆಗೆ, ದನದ ಕೊಟ್ಟಿಗೆಗೆ ಒಯ್ಯುತ್ತಾರೆ, ಅಷ್ಟೇ. ಇಷ್ಟು ಭಾರ ಹೊತ್ತು ಮೂರು ದಿನ ರೈಲಿನಲ್ಲಿ ಯಾಕೆ ಒಯ್ಯುತ್ತೀ ಎಂದು ನಮ್ಮ ಮನೆಯವರು ಕೇಳಿದರೆ, ನಮ್ಮ ಕಡೆ ಇಂಥ ಗಟ್ಟಿ ಮಾಲು ಸಿಗುವುದಿಲ್ಲ ಸಾವಕಾರ್ರೆ ಎಂದನಂತೆ.

ಅಷ್ಟು ಸಾಕಾಯಿತು. ಆ ಮಾತು ಅವರ ತಲೆಯಲ್ಲಿ ಮೊಳೆ ಹೊಡೆದಂತೆ ಕೂತಿತು. ನೇಪಾಳದಲ್ಲಿ ಮನೆ ಕಟ್ಟುವವರು ಬಹಳ, ಹೊರಗಿನ ಮಾಲಿಗೆ ಇದ್ದ ಬಿಗಿ ಸಡಿಲವಾಗಿದೆ, ಅಲಿಗಢದಿಂದ ಗಡಿ ಹತ್ತಿರ ಎಂದು ಯಾರ ಯಾರನ್ನೋ ಕೇಳಿಕೊಂಡು ಬಂದರು. ಒಮ್ಮೆ ಹೋಗಿ ನೋಡಿಯೂ ಬಂದರು. ಲೈಸೆನ್ಸು ಅಲ್ಲಿಯವರ ಹೆಸರಿನಲ್ಲಿ ಇರಬೇಕೆಂದಾಗ ದಿಲ್ ಬಹಾದ್ದೂರನ ಹೆಂಡತಿಯ ತಮ್ಮ ಸಿಕ್ಕ. ನಾನು ಒಂದೇ ಮಾತು ಕೇಳಿದೆ: ಅಲಿಗಢದ ಮಾಲನ್ನು ನೇಪಾಳದವರಿಗೆ ಮಾರಲು ಹುನಗುಂದದವರು ಯಾಕೆ ಬೇಕು? ಅವರು ನಕ್ಕರು. ಮಾಲು ಅಲ್ಲಿಂದ ಹೋಗುತ್ತದೆ, ರಿವಾಜು ಇಲ್ಲಿಂದ ಹೋಗುತ್ತದೆ, ಉಳಿದದ್ದು ವಾಪಸ್ ತೆಗೆದುಕೊಳ್ಳುವ ಅಂಗಡಿ ಅಲ್ಲಿ ಒಂದೂ ಇಲ್ಲ ಎಂದರು. ದೂರದ ಬೆಟ್ಟ ನುಣ್ಣಗೆ ಎನ್ನುವ ಗಾದೆ ನನ್ನ ಬಾಯಿಯ ತನಕ ಬಂದಿತ್ತು. ಅಷ್ಟು ದಿನಗಳ ಮೇಲೆ ನಗುವವರ ಮುಂದೆ ಅದನ್ನು ಆಡಲು ಮನಸ್ಸಾಗಲಿಲ್ಲ.

ಸಂಕ್ರಾಂತಿ ಮಾಡಿ ಸಜ್ಜಿ ರೊಟ್ಟಿ ಕಟ್ಟಿಸಿಕೊಂಡು ಹೋದರು. ಕಂಬಾರರಿಂದ ಮಾಡಿಸಿದ ಎರಡು ಚೀಲ ಸರಪಳಿ ಚಿಲಕವೂ ಜೊತೆಗೆ ಹೋಯಿತು. ಮಗಳು ನವನಗರದ ಹಾಸ್ಟೆಲಿನಲ್ಲಿದ್ದಳು. ಹಸನಸಾಬ ಅಂಗಡಿ ನೋಡಿಕೊಳ್ಳುವುದೆಂದು ನಿಶ್ಚಯವಾಗಿತ್ತು. ಆದರೆ ಅವನಿಗೆ ಕಂಪ್ಯೂಟರು ಕಂಡರೆ ಆಗದು. ಬಿಲ್ಲು ತೆಗೆಯಲು ಯಾರಾದರೂ ಬೇಕಲ್ಲ ಎಂದು ಎರಡು ದಿನದ ಮಟ್ಟಿಗೆ ನಾನು ಹೋಗಿ ಕೂತೆ. ಅಂಗಡಿಯ ಕಡೆಯಿಂದ ಆ ಬಾಗಿಲನ್ನು ನಾನು ನೋಡಿದ್ದು ದೀಪಾವಳಿಯ ಪೂಜೆಗಳಲ್ಲಿ ಮಾತ್ರ. ಅಗಳಿ ಸವೆದು ಹೊಳೆಯುತ್ತಿತ್ತು.

ಮೊದಲ ದಿನ ಶಿರೂರಿನಿಂದ ಮನೆ ಕಟ್ಟುವ ಒಬ್ಬ ಗೌಂಡಿ ಬಂದ. ನನ್ನನ್ನು ನೋಡಿದ, ಗೋಡೆಗೆ ತೂಗುಹಾಕಿದ ಕರಣಿಗಳನ್ನು ನೋಡಿದ, ಮತ್ತೆ ನನ್ನನ್ನು ನೋಡಿದ. ಸಾವಕಾರ್ರು ಬಂದ ಮೇಲೆ ಬರುತ್ತೇನೆಂದು ತಿರುಗಿದ. ಹಸನಸಾಬ ತಲೆ ಎತ್ತದೆ ಹೇಳಿದ:

"ಸಾವಕಾರ್ರು ನೇಪಾಳದಾಗ ಅದಾರ. ಹೋಗಿ ಬರ್ತೀಯೇನು, ಇಲ್ಲಾ ಅಕ್ಕಾರಿಗೆ ಚೀಟಿ ಕೊಡ್ತೀಯೋ?"

ಗೌಂಡಿ ಚೀಟಿ ಕೊಟ್ಟ. ನಾನು ಅದರಲ್ಲಿದ್ದ ಹನ್ನೊಂದು ಸಾಮಾನಿನಲ್ಲಿ ನಾಲ್ಕನ್ನು ತಪ್ಪು ಕೊಟ್ಟೆ. ತಲಬಾಗಿಲಿನ ತೇಗದ ಕದಕ್ಕೆ ಕಪಾಟಿನ ಬಿಜಾಗರಿ ಕಟ್ಟಿ ಕಳಿಸಿದ್ದೆ. ಮರುದಿನ ಅವನು ಅದನ್ನು ತಂದು ಒಂದೊಂದಾಗಿ ಕಟ್ಟೆಯ ಮೇಲಿಟ್ಟ. ಬೈದಿದ್ದರೆ ಚೆನ್ನಾಗಿತ್ತು.

ನನಗೆ ವ್ಯಾಪಾರ ಕಲಿಸಿದ್ದು ವಾಪಸ್ ಬಂದ ಚೀಲಗಳು. ಹಸನಸಾಬನ ಜೊತೆ ನಾನೂ ಆರಿಸಲು ಕೂತೆ. ಒಂದು ಮನೆಗೆ ಏನು ಬೇಕು ಎನ್ನುವುದಕ್ಕಿಂತ ಏನು ಬೇಕಾಗಲಿಲ್ಲ ಎನ್ನುವುದು ಚೀಲದಲ್ಲಿ ಸ್ಪಷ್ಟವಾಗಿ ಕಾಣುತ್ತದೆ. ಯಾವ ಗೌಂಡಿ ಅಂದಾಜು ತಪ್ಪುತ್ತಾನೆ, ಯಾರ ಮನೆಯಲ್ಲಿ ಅಣ್ಣತಮ್ಮಂದಿರು ನಡುವೆಯೇ ಜಗಳಾಡಿ ಒಂದು ಕೋಣೆ ಕಡಿಮೆ ಮಾಡಿದರು, ಯಾರು ಪಾಯಖಾನೆಗೆ ಬಾಗಿಲು ಹಚ್ಚುವುದನ್ನು ಮುಂದಕ್ಕೆ ಹಾಕಿದರು, ಎಲ್ಲವೂ ಅದರಲ್ಲಿತ್ತು. ಒಂದು ತಿಂಗಳು ಹೀಗೆ ಆರಿಸಿದ ಮೇಲೆ ನಾನು ಗಿರಾಕಿಗಳನ್ನು ಕೇಳತೊಡಗಿದೆ: ಕಂಬದಿಂದ ಕಂಬಕ್ಕೆ ಎಷ್ಟು ಅಂಕಣ, ಎಷ್ಟು ಕಿಟಕಿ, ನಳ ಒಳಗೋ ಹೊರಗೋ? ಕೇಳಿ, ಇಪ್ಪತ್ತು ಬೇಡ, ಹದಿನಾಲ್ಕು ಒಯ್ಯಿರಿ ಎನ್ನತೊಡಗಿದೆ. ಕಡಿಮೆ ಒಯ್ಯಿರಿ ಎಂದು ಹೇಳುವ ಅಂಗಡಿಯನ್ನು ಜನ ನೋಡಿರಲಿಲ್ಲ. ಐಹೊಳೆಯಿಂದ ಒಬ್ಬ ಮುದುಕಿ ಬಸ್ಸು ಹಿಡಿದು ಬಂದು, ಲೆಕ್ಕ ಹಾಕಿ ಕೊಡುವ ಅಕ್ಕಾರು ನೀವೇ ಏನು ಎಂದು ಕೇಳಿದಳು. ನನಗೆ ಖುಷಿಯಾಯಿತು. ಮದುವೆಯಾದ ಮೇಲೆ ಅಷ್ಟು ಖುಷಿಯಾದ ದಿನ ನನಗೆ ನೆನಪಿಲ್ಲ, ಮಗಳು ಹುಟ್ಟಿದ ದಿನ ಬಿಟ್ಟು.

ಯುಗಾದಿಯ ಮರುದಿನ ದಿಲ್ ಬಹಾದ್ದೂರ ಗಾಡಿಯ ಗಾಲಿಗೆ ಬೋಲ್ಟು ಕೇಳಿಕೊಂಡು ಬಂದ. ಅಂಗಡಿ ಖಾಲಿ ಇತ್ತು. ಬುಟವಲ್ಲಿನಲ್ಲಿ ಅಂಗಡಿ ತೆರೆದು ಆಗ ಒಂದು ತಿಂಗಳಾಗಿತ್ತು. ನಾನು ತಮಾಷೆಗೆ, ನಿಮ್ಮೂರಿನ ಜನ ನಮ್ಮ ಚಿಲಕಕ್ಕೆ ಮುಗಿಬಿದ್ದಿರಬೇಕಲ್ಲ ಎಂದೆ. ಅವನು ನಗಲಿಲ್ಲ. ಬೋಲ್ಟನ್ನು ಅಂಗೈಯಲ್ಲಿ ಉರುಳಿಸುತ್ತ ನಿಂತ.

"ನಾ ಸುಳ್ಳ ಹೇಳೇನಿ ವೈನೀರ," ಎಂದ. "ನಮ್ಮ ಕಡಿ ಎಲ್ಲಾ ಸಿಗ್ತೈತಿ. ಗಲ್ಲಿಗೆ ಮೂರು ಅಂಗಡಿ ಅದಾವ. ಸಾವಕಾರ್ರು ಅಷ್ಟು ಪ್ರೀತಿಲೆ ಕೇಳಿದ್ರು. ಅವರ ಮಾಲು ಛಲೋ ಐತಿ ಅಂದ್ರ ಅವರಿಗೆ ಸಂತೋಷ ಆಗ್ತೈತಿ ಅಂತ ಅಂದೆ. ಅಂಗಡಿನ ಹಾಕ್ತಾರಂತ ನನಗೇನು ಗೊತ್ತು?"

ಹಾಗಾದರೆ ಅಷ್ಟು ಭಾರ ಹೊತ್ತು ಒಯ್ಯುತ್ತಿದ್ದುದು ಯಾಕೆ ಎಂದು ಕೇಳಿದೆ. ಅವನು ನಾಚಿದ. ಹುನಗುಂದಕ್ಕೆ ಬಂದಾಗ ಅವನಿಗೆ ಸಿಕ್ಕ ಬಾಡಿಗೆ ಕೋಣೆಗೆ ಅಂಥದೇ ಸರಪಳಿ ಚಿಲಕವಿತ್ತಂತೆ. ಹದಿನೇಳು ವರ್ಷ ಆ ಸಪ್ಪಳ ಕೇಳಿ ಮಲಗಿದ್ದಾನೆ. ಊರಿಗೆ ಹೋದರೆ ಅಲ್ಲಿಯ ಮನೆಯಲ್ಲಿ ನಿದ್ದೆ ಬರುತ್ತಿರಲಿಲ್ಲವಂತೆ, ಸ್ವಂತ ಮನೆ ಪರರ ಮನೆಯಂತೆ ಅನ್ನಿಸುತ್ತಿತ್ತಂತೆ. ಅದಕ್ಕೇ ವರ್ಷಕ್ಕೆ ಒಂದೋ ಎರಡೋ ಒಯ್ದು ಮನೆಯ ಬಾಗಿಲಿಗೆಲ್ಲ ಹಾಕಿದ. ತಮ್ಮಂದಿರ ಮನೆಗೂ ಹಾಕಿಕೊಟ್ಟ. ಈಗ ಸಾವಕಾರ್ರಿಗೆ ಹೇಗೆ ಹೇಳುವುದು, ಹೆಂಡತಿಯ ತಮ್ಮನ ಹೆಸರೂ ಲೈಸೆನ್ಸಿನ ಕಾಗದದಲ್ಲಿದೆ, ನನಗೆ ಬಾಯಿ ಬರುವುದಿಲ್ಲ, ನೀವೇ ಹೇಳಿಬಿಡಿ ಎಂದು ಕೈಮುಗಿದ. ಹೇಳುತ್ತೇನೆ ಎಂದೆ.

ನಾನು ಹೇಳಲಿಲ್ಲ.

ದಿನಾ ಸಂಜೆ ಆರಕ್ಕೆ ಫೋನು ಬರುತ್ತಿತ್ತು. ಮೊದಲ ದಿನ, ಪಾಪ, ಈಗ ತಾನೆ ತೆರೆದಿದ್ದಾರೆ ಎಂದು ಸುಮ್ಮನಾದೆ. ಎರಡನೆಯ ದಿನ ಅವರ ದನಿ ಹುರುಪಾಗಿತ್ತು. ಒಂದು ವಾರ ಕಳೆದ ಮೇಲೆ ನನಗೆ ನಾನು ಹೇಳಿಕೊಳ್ಳುವ ನೆವಗಳು ಮುಗಿದವು. ನಿಜ ಏನೆಂದರೆ, ಆ ಮಾತು ಹೇಳಿದರೆ ಅವರು ಗಂಟು ಕಟ್ಟಿ ಬಂದುಬಿಡುತ್ತಿದ್ದರು. ಬಂದರೆ ನಾನು ಏಳಬೇಕಾಗಿತ್ತು. ಎದ್ದು ಒಳಗೆ ಹೋಗಬೇಕಾಗಿತ್ತು, ಹನ್ನೊಂದಕ್ಕೆ ಬಾಗಿಲು ಬಡಿಯಬೇಕಾಗಿತ್ತು. ಗಂಡ ಪರದೇಶದಲ್ಲಿ ಸುಳ್ಳೊಂದನ್ನು ನಂಬಿ ಕೂತಿದ್ದಾನೆ ಎಂದು ಗೊತ್ತಿದ್ದೂ, ನಾನು ಬಿಜಾಗರಿ ಎಣಿಸುತ್ತ ಕೂತೆ. ಇದಕ್ಕೆ ಒಳ್ಳೆಯ ಹೆಸರು ಯಾವುದೂ ಇಲ್ಲ, ನಾನೂ ಹುಡುಕಿಲ್ಲ.

ಬೇಸಿಗೆ ಮುಗಿಯುವ ತನಕ ಅಲ್ಲಿ ವ್ಯಾಪಾರ ತಕ್ಕಮಟ್ಟಿಗೆ ನಡೆಯಿತು. ರಿವಾಜು ಜನರಿಗೆ ಹಿಡಿಸಿತ್ತು. ಆದರೆ ಮಳೆ ಹಿಡಿದ ಹೊತ್ತಿಗೆ ಅಲ್ಲಿಯ ಕಾಯಿದೆ ಮತ್ತೆ ಬಿಗಿಯಾಯಿತು. ಹೊರಗಿನಿಂದ ಬರುವ ಮಾಲಿಗೆ ಹೊಸ ಕಾಗದ, ಹೊಸ ಸುಂಕ, ಮಾಲಿನ ಮೇಲೆ ಹೊಸ ಮುದ್ರೆ. ಲಾರಿ ಗಡಿಯಲ್ಲಿ ನಿಂತಿತು. ಅದೇ ಹೊತ್ತಿಗೆ ಅಲ್ಲಿ ಮನೆ ಮುಗಿಸಿದವರು ಉಳಿದದ್ದನ್ನು ಹೊತ್ತುಕೊಂಡು ಬರತೊಡಗಿದರು. ಕೊಟ್ಟ ಮಾತು ಮುರಿಯುವವರಲ್ಲ ನಮ್ಮ ಮನೆಯವರು, ಎಲ್ಲವನ್ನೂ ತೆಗೆದುಕೊಂಡರು. ಹೊಸ ಮಾಲು ಬರುವಂತಿಲ್ಲ, ಹೋದ ಮಾಲು ಬರುವುದು ನಿಲ್ಲುತ್ತಿಲ್ಲ. ನಾಗರ ಪಂಚಮಿಯ ಹೊತ್ತಿಗೆ ಅವರ ಅಂಗಡಿಯಲ್ಲಿ ಇದ್ದದ್ದೆಲ್ಲ ಬೇರೆಯವರ ಮನೆಯಲ್ಲಿ ಉಳಿದ ಸಾಮಾನು. ಸರಪಳಿ ಚಿಲಕದ ಎರಡು ಚೀಲ ಮಾತ್ರ ಹಾಗೇ ಇತ್ತು, ಹೋಗಲೂ ಇಲ್ಲ, ಬರಲೂ ಇಲ್ಲ.

ಫೋನಿನ ಮಾತೂ ಬದಲಾಯಿತು. ಮೊದಲು ಅಲ್ಲಿಯ ಸುದ್ದಿ ಹೇಳುತ್ತಿದ್ದವರು ಈಗ ಇಲ್ಲಿಯದನ್ನು ಕೇಳುತ್ತಿದ್ದರು. ನಡೆದಿದೆ ಎನ್ನುತ್ತಿದ್ದೆ. ಅಷ್ಟೊಂದು ಚೆನ್ನಾಗಿ ನಡೆದಿದೆ ಎಂದು ಹೇಳಲು ಬಾಯಿ ಬರಲಿಲ್ಲ. ದಸರೆ ಕಳೆದ ಮೇಲೆ ಒಂದು ಸಂಜೆ ಅವರು ಬರುತ್ತೇನೆ ಎಂದರು. ಬರ್ರಿ ಎಂದೆ. ಫೋನಿಟ್ಟ ಮೇಲೆ ನನಗೆ ಆದದ್ದು ಸಂತೋಷವಲ್ಲ, ಹೆದರಿಕೆ. ಹಸನಸಾಬ ಮೊಳೆ ತೂಗುತ್ತಿದ್ದವನು ತಕ್ಕಡಿ ಕೆಳಗಿಟ್ಟು, ಒಂದು ಲೋಟ ನೀರು ಕುಡಿಯಿರಿ ಎಂದ.

ಅವರು ಬಂದದ್ದು ಶುಕ್ರವಾರ ಮಧ್ಯಾಹ್ನ. ಮುಖ ಬತ್ತಿತ್ತು, ಅಂಗಿಯ ಕಾಲರು ಸಡಿಲವಾಗಿತ್ತು. ರಿಕ್ಷಾದಿಂದ ಎರಡು ಸಿಮೆಂಟಿನ ಚೀಲ ಇಳಿಸಿ, ಒಂದನ್ನು ತಾವೇ ಎತ್ತಿ ಕಟ್ಟೆಯ ಮೇಲಿಟ್ಟರು. ಬೇರೆಲ್ಲ ಮಾಲನ್ನು ದಿಲ್ ಬಹಾದ್ದೂರನ ಹೆಂಡತಿಯ ತಮ್ಮನಿಗೇ ಬಿಟ್ಟುಕೊಟ್ಟು ಬಂದಿದ್ದರು. ಚಿಲಕಗಳನ್ನು ಅವನೂ ಬೇಡವೆಂದಿದ್ದ. ಒಳಗೆ ಬರಲಿಲ್ಲ. ಗಿರಾಕಿಗಳು ನಿಲ್ಲುವ ಕಡೆಯೇ ನಿಂತು ಒಂದು ಥರ ನಕ್ಕು ಕೇಳಿದರು:

"ಉಳಿದ ಮಾಲು ವಾಪಸ್ ತಗೋತೀರೇನ್ರಿ?"

ಹಸನಸಾಬ ನಮಾಜಿಗೆ ಹೋಗುವ ಹೊತ್ತಾಗಿತ್ತು, ಅವನು ಚಪ್ಪಲಿ ಮೆಟ್ಟಿ ಹೊರಟುಹೋದ. ನಾನು ಚೀಲ ಸುರುವಿದೆ. ತುಕ್ಕು ಹಿಡಿಯಬಾರದೆಂದು ಒಂದೊಂದಕ್ಕೂ ಎಣ್ಣೆ ಸವರಿ ಕಾಗದದಲ್ಲಿ ಸುತ್ತಿದ್ದರು. ಆ ವಾಸನೆ ಬಂತು. ಅಲ್ಲಿ ಗಿರಾಕಿಯಿಲ್ಲದೆ ಕೂತ ದಿನಗಳಲ್ಲಿ ಈ ಕೆಲಸ ಮಾಡಿರಬೇಕು ಅನ್ನಿಸಿತು. ಇನ್ನು ಮುಚ್ಚಿಡಲು ಆಗಲಿಲ್ಲ. ದಿಲ್ ಬಹಾದ್ದೂರ ಯುಗಾದಿಗೇ ಎಲ್ಲ ಹೇಳಿದ್ದನೆಂದು ಹೇಳಿಬಿಟ್ಟೆ. ಅವರು ಒಂದು ಚಿಲಕ ಎತ್ತಿಕೊಂಡು ಅದರ ಕಾಗದವನ್ನು ಮತ್ತೆ ಬಿಗಿಯಾಗಿ ಸುತ್ತಿದರು.

"ಯಾಕ ಹೇಳಲಿಲ್ಲ?"

"ನೀವು ಬಂದುಬಿಟ್ರ ನಾ ಇಲ್ಲಿಂದ ಏಳಬೇಕಾಗ್ತಿತ್ರಿ."

"ಏಳು ತಿಂಗಳು," ಎಂದರು. "ಗೊತ್ತಿದ್ದೂ ಏಳು ತಿಂಗಳು ನನ್ನ ಅಲ್ಲೇ ಬಿಟ್ಟಿ."

 ಅವರು ಒಳಗೆ ಹೋಗುವಾಗ ಬಾಗಿಲನ್ನು ಎಳೆದ ರಭಸಕ್ಕೆ ಮಾವನವರ ಕಾಲದ ಅಗಳಿ ಕಿತ್ತು ಕೆಳಗೆ ಬಿತ್ತು.

ಮರುದಿನದಿಂದ ನಾನು ಅಡಿಗೆಮನೆಯಲ್ಲಿ, ಅವರು ಗಲ್ಲೆಯ ಮೇಲೆ. ನನ್ನೊಡನೆ ಮಾತಿಲ್ಲ. ಅಗಳಿಯಿಲ್ಲದ ಬಾಗಿಲು ಗಾಳಿಗೆ ತಾನೇ ತೆರೆದುಕೊಳ್ಳುತ್ತಿತ್ತು. ಹಾರ್ಡ್‌ವೇರ್ ಅಂಗಡಿಯ ಮನೆಯಲ್ಲಿ ಬಾಗಿಲಿಗೆ ಅಗಳಿ ಇಲ್ಲ, ನೋಡಿ ನಮ್ಮ ಬಾಳು. ತೆರೆದ ಬಾಗಿಲಿನಿಂದ ಅಂಗಡಿಯ ಮಾತೆಲ್ಲ ಒಳಗೆ ಕೇಳುತ್ತಿತ್ತು. ಬಂದವರೆಲ್ಲ ಅಕ್ಕಾರು ಎಲ್ಲಿ ಎಂದೇ ಕೇಳುತ್ತಿದ್ದರು. ಶಿರೂರಿನ ಗೌಂಡಿಯಂತೂ ಚೀಟಿಯನ್ನು ಕಿಸೆಯಿಂದ ಹೊರಗೆ ತೆಗೆಯಲೇ ಇಲ್ಲ, ಅಕ್ಕಾರು ಅಂಕಣ ಎಣಿಸಿ ಲೆಕ್ಕ ಹಾಕಿ ಕೊಡುತ್ತಾರೆ, ಕಾಯುತ್ತೇನೆ ಎಂದು ಕಟ್ಟೆಯ ಮೇಲೆ ಕೂತ. ಅರ್ಧ ತಾಸು ಕೂತ. ನನಗೆ ಕೇಳುತ್ತಿದೆ ಎಂದು ನಮ್ಮ ಮನೆಯವರಿಗೂ ಗೊತ್ತಿತ್ತು. ಕೊನೆಗೆ ಹಸನಸಾಬನೇ ಬಾಗಿಲಲ್ಲಿ ಬಂದು ನಿಂತು ನನ್ನನ್ನು ಕರೆದ. ನಾನು ಹೋಗಿ ಲೆಕ್ಕ ಹಾಕಿ ಕೊಟ್ಟು ತಿರುಗಿ ಬಂದೆ. ಮರುದಿನವೂ ಅದೇ ಆಯಿತು, ಅದರ ಮರುದಿನವೂ.

ದೀಪಾವಳಿಯ ಪೂಜೆಗೆ ಇಬ್ಬರೂ ಅಕ್ಕಪಕ್ಕ ಕೂತೆವು, ಮಾತಿಲ್ಲದೆ. ಪೂಜೆಯಾದ ಮರುದಿನ ಅವರು ಗಲ್ಲೆಗೆ ಬರಲಿಲ್ಲ. ಇಳಕಲ್ಲಿಗೆ ಹೋಗಿ ಗ್ರಾನೈಟ್ ಕಾರ್ಖಾನೆಗಳಿಗೆ ಕಲ್ಲು ಕೊಯ್ಯುವ ಬ್ಲೇಡು ಪೂರೈಸುವ ಮಾತು ಆಡಿ ಬಂದರು, ಈಗಲೂ ಅದನ್ನೇ ನೋಡಿಕೊಳ್ಳುತ್ತಾರೆ. ಆ ದಿನ ಗಲ್ಲೆ ಖಾಲಿ ಇತ್ತೆಂದು ನಾನು ಕೂತೆ. ಮಧ್ಯಾಹ್ನ ಬಂದವರೇ ಸ್ಕ್ರೂ ಡ್ರೈವರು ಹಿಡಿದು, ವಾಪಸ್ ಬಂದ ಚಿಲಕಗಳಲ್ಲಿ ಒಂದನ್ನು ಕಾಗದದಿಂದ ಬಿಚ್ಚಿ, ನಡುವಿನ ಬಾಗಿಲಿನ ಹತ್ತಿರ ನಿಂತರು.

"ಎಲ್ಲಿ ಹಾಕ್ಲಿ, ಅಂಗಡಿ ಕಡಿನೋ, ಮನಿ ಕಡಿನೋ?"

ನಾನು ಗಲ್ಲೆಯಿಂದ ಏಳಲಿಲ್ಲ.

"ಅಂಗಡಿ ಕಡಿ ಹಾಕ್ರಿ."

ಅವರು ನಾಲ್ಕು ಸ್ಕ್ರೂ ಬಿಗಿದರು, ಗೂಟ ಹೊಡೆದರು, ಬಳೆಯನ್ನು ಒಮ್ಮೆ ಸಿಗಿಸಿ ತೆಗೆದು ನೋಡಿದರು. ಆಮೇಲೆ ಆ ಕಡೆ ಹೋಗಿ ಬಾಗಿಲು ಎಳೆದುಕೊಂಡರು. ಚಿಲಕ ನಾನು ಹಾಕಿದೆ.

ಮರುದಿನ ಮುಂಜಾನೆ ಹನ್ನೊಂದಕ್ಕೆ ಅಂಗಡಿಯಲ್ಲಿ ನಾಲ್ಕೈದು ಜನ ಇದ್ದರು. ತಂತಿ ಕೊಯ್ಯುವ ಗಲಾಟೆಯಲ್ಲಿ ನನಗೆ ಕೇಳಲಿಲ್ಲ. ಅಕ್ಕಾರ, ಒಳಗಿಂದ ಯಾರೋ ಬಡಿಯುತ್ತಿದ್ದಾರೆ ಎಂದು ಹಸನಸಾಬ ಹೇಳಿದ. ಚಿಲಕ ತೆಗೆದೆ. ನಮ್ಮ ಮನೆಯವರು ಚಹಾದ ಕಪ್ಪು ಹಿಡಿದು ನಿಂತಿದ್ದರು. ಎಷ್ಟು ಹೊತ್ತಿನಿಂದ ನಿಂತಿದ್ದರೋ, ಮೇಲೆ ಕೆನೆ ಕಟ್ಟಿತ್ತು. ಇಸಿದುಕೊಂಡೆ. ಸಕ್ಕರೆ ಹೆಚ್ಚಾಗಿತ್ತು. ಪೂರ್ತಿ ಕುಡಿದೆ.